ಕೆಳಗಿನ ಡಿವಿಷನ್ನಿನ ಅಭಿಮಾನಿ

ಕೆಲಸದ ದಿನ, ಹೊತ್ತು ಮಧ್ಯಾಹ್ನ ಮೂರು ದಾಟಿದೆ. ಬೆಂಗಳೂರಿನ ಮ್ಯಾಗ್ರತ್ ರಸ್ತೆಯಲ್ಲಿ ವಾಹನಗಳ ಸಾಲು ಕರಗುವ ಲಕ್ಷಣವಿಲ್ಲ. ದೊಡ್ಡ ಮಾಲಿನ ಬಾಗಿಲಲ್ಲಿ ಒಳಹೋಗುವವರೂ ಹೊರಬರುವವರೂ ಭುಜಕ್ಕೆ ಭುಜ ತಾಗಿಸಿಕೊಂಡು ನಡೆಯುತ್ತಿದ್ದಾರೆ. ಅಲ್ಲಿಂದ ಕೂಗಳತೆಯಲ್ಲಿರುವ ಫುಟ್ಬಾಲ್ ಕ್ರೀಡಾಂಗಣದ ಬಾಗಿಲಲ್ಲಿ ಮಾತ್ರ ಅಂತಹ ಅವಸರವೇನೂ ಕಾಣದು. ಒಳಗೆ ಹೋದರೆ ಸಿಮೆಂಟಿನ ಮೆಟ್ಟಿಲುಗಳ ದೊಡ್ಡ ಗ್ಯಾಲರಿ. ಬಿಸಿಲು ತಪ್ಪಿದ ಕಡೆಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು. ಯಾರೋ ವೃತ್ತಪತ್ರಿಕೆಯನ್ನು ಮಡಿಸಿ ಕೆಳಗೆ ಹಾಕಿಕೊಂಡು ಕುಳಿತಿದ್ದಾರೆ, ಯಾರೋ ಕೊಡೆಯನ್ನು ಊರುಗೋಲಿನಂತೆ ಮುಂದೆ ಊರಿ ಅದರ ಮೇಲೆ ಗಲ್ಲವಿಟ್ಟಿದ್ದಾರೆ. ಎಣಿಸಿದರೆ ನೂರು ತಲೆ ಸಿಕ್ಕಬಹುದು. ಅವುಗಳಲ್ಲಿ ಅರ್ಧದಷ್ಟು ಮುಂದಿನ ಪಂದ್ಯಕ್ಕಾಗಿ ಬೂಟಿನ ದಾರ ಕಟ್ಟುತ್ತಿರುವ ಹುಡುಗರವು.

ಉಳಿದ ಅರ್ಧದಲ್ಲಿ ಒಬ್ಬನನ್ನು ಈ ಲೇಖನದ ಮಟ್ಟಿಗೆ ‘ಅಭಿಮಾನಿ’ ಎಂದು ಕರೆಯೋಣ. ಈತ ಒಬ್ಬ ವ್ಯಕ್ತಿಯಲ್ಲ, ಒಂದು ವರ್ಗ. ವಯಸ್ಸು ಅರವತ್ತರ ಮೇಲೆ. ದೂರವಾಣಿನಗರದ ಕಡೆಯವನಾದರೆ ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಇಳಿದು, ಬ್ರಿಗೇಡ್ ರಸ್ತೆಯ ದೀಪಾಲಂಕಾರದ ನಡುವೆ ಯಾವ ಅಂಗಡಿಯ ಕಡೆಗೂ ಕಣ್ಣೆತ್ತದೆ ನಡೆದು ಬಂದಿರುತ್ತಾನೆ. ಜಾಲಹಳ್ಳಿಯ ಕಡೆಯವನಾದರೆ ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿರುತ್ತಾನೆ. ಹಿಂದೆ ಇಬ್ಬರೂ ಕಾರ್ಖಾನೆಯ ಗೇಟಿನಿಂದ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಬರುತ್ತಿದ್ದರು. ಈಗಿನ ಹುಡುಗರು ‘ವಿಂಗರ್’ ಎಂದು ಕರೆಯುವವನನ್ನು ಈತ ಇನ್ನೂ ‘ರೈಟ್ ಔಟ್’, ‘ಲೆಫ್ಟ್ ಔಟ್’ ಎಂದೇ ಕರೆಯುತ್ತಾನೆ. ಆಟಗಾರನ ಬೆನ್ನಿನ ಸಂಖ್ಯೆ ಈತನಿಗೆ ಬೇಕಿಲ್ಲ. ಓಡುವ ರೀತಿ ನೋಡಿ, ಇವನ ತಂದೆಯೂ ಹೀಗೆಯೇ ಎಡಗಾಲನ್ನು ಎಳೆದು ಓಡುತ್ತಿದ್ದ ಎಂದು ಹೇಳಬಲ್ಲ.

ಸಂಜೆ ಮನೆಗೆ ಮರಳಿದಾಗ ಬಾಗಿಲಲ್ಲೇ ಪ್ರಶ್ನೆ ಕಾದಿರುತ್ತದೆ: “ಇವತ್ತಾದರೂ ಗೆದ್ದರೇನು?” ಉತ್ತರ ಬಹಳ ಸಲ ಒಂದೇ. ಆದರೂ ಮುಂದಿನ ಪಂದ್ಯದ ದಿನ ಕೊಡೆ ಮತ್ತೆ ಕೈಗೆ ಬರುತ್ತದೆ. ದೂರದರ್ಶನದ ಪರದೆಯ ಮೇಲೆ ಯೂರೋಪಿನ ಅತಿರಥ ಮಹಾರಥರ ಆಟ ಹಾಸಿಗೆಯಿಂದೇಳದೆ ನೋಡಲು ಸಿಗುವಾಗ, ಈ ಬಿಸಿಲು, ಈ ಸಿಮೆಂಟು, ಈ ತಪ್ಪುತಡೆಗಳ ಆಟ ಏತಕ್ಕೆ? ಕಾಲ್ಚೆಂಡಾಟದ ರುಚಿಯಿಂದ ಮಾತ್ರ ಇದಕ್ಕೆ ಉತ್ತರ ದೊರೆಯಲಾರದು.

ಮೆಟ್ಟಿಲುಗಳ ಲೋಕ

ಬೆಂಗಳೂರಿನ ಫುಟ್ಬಾಲ್ ಎಂದೊಡನೆ ಇಂದಿನ ತರುಣರ ಕಣ್ಣಿಗೆ ಬರುವುದು ನೀಲಿ ಅಂಗಿಯ ಬೆಂಗಳೂರು ಎಫ್.ಸಿ. 2013ರಲ್ಲಿ ಹುಟ್ಟಿ, ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲಪಿದ ಮೊದಲ ಭಾರತೀಯ ತಂಡವೆನಿಸಿಕೊಂಡು, 2018-19ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ಗೆದ್ದ ತಂಡ ಅದು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ಅದರ ಬೆಂಬಲಿಗರು ಹಾಡುವ ಹಾಡು, ಬಡಿಯುವ ನಗಾರಿ ದೇಶಕ್ಕೆಲ್ಲ ಕೇಳಿಸಿದೆ. ಅದನ್ನು ಅಲ್ಲಗಳೆಯುವ ಕಾರಣವಿಲ್ಲ.

ಆದರೆ ಅದರ ಕೆಳಗೆ ಇನ್ನೊಂದು ಲೋಕವುಂಟು. ಜಿಲ್ಲಾ ಲೀಗಿನ ಸೂಪರ್ ಡಿವಿಷನ್. ಅದರ ಕೆಳಗೆ ‘ಎ’, ಮತ್ತೂ ಕೆಳಗೆ ‘ಬಿ’, ‘ಸಿ’. ತಂಡಗಳ ಪಟ್ಟಿಯನ್ನು ಓದಿದರೆ ಸಾಕು, ಊರಿನ ನಕ್ಷೆ ಕಣ್ಣ ಮುಂದೆ ಬರುತ್ತದೆ. ಮದ್ರಾಸ್ ಎಂಜಿನಿಯರ್ ಗ್ರೂಪ್ ಮತ್ತು ಆರ್ಮಿ ಸರ್ವೀಸ್ ಕೋರ್ ಎಂಬ ಎರಡು ಸೈನಿಕ ತಂಡಗಳು, ವಿಮಾನ ಕಾರ್ಖಾನೆಯದೊಂದು, ರಕ್ಷಣಾ ಸಂಶೋಧನಾಲಯದ ಎ.ಡಿ.ಇ.; ಯಲಹಂಕದ ರೈಲುಗಾಲಿ ಕಾರ್ಖಾನೆ; ಆದಾಯ ತೆರಿಗೆ ಇಲಾಖೆ; ಮಹಾಲೇಖಪಾಲರ ಕಚೇರಿಯ ಮನರಂಜನಾ ಕ್ಲಬ್ಬು. ಲೆಕ್ಕಪತ್ರ ತನಿಖೆ ಮಾಡುವ ಕಚೇರಿಯೂ ತೆರಿಗೆ ವಸೂಲು ಮಾಡುವ ಇಲಾಖೆಯೂ ಮೈದಾನದಲ್ಲಿ ಎದುರುಬದುರಾಗುವ ದಿನ ಗ್ಯಾಲರಿಯಿಂದ ಹೊರಡುವ ಚಾಟೂಕ್ತಿಗಳು ಯಾವ ನಗೆಪುಟಕ್ಕೂ ಕಡಿಮೆಯವಲ್ಲ. ಇವುಗಳ ಜೊತೆಗೆ ಸ್ಟೂಡೆಂಟ್ಸ್ ಯೂನಿಯನ್, ಜವಾಹರ್ ಯೂನಿಯನ್, ರೆಬೆಲ್ಸ್, ಕೊಡಗು ಎಫ್.ಸಿ. ಮುಂತಾದ ಕ್ಲಬ್ಬುಗಳು, ಇತ್ತೀಚಿನ ವರ್ಷಗಳಲ್ಲಿ ಹಣವಂತರ ಬೆಂಬಲದಿಂದ ಎದ್ದ ಹೊಸ ತಂಡಗಳು.

ಈ ಲೋಕದ ನಿಯಮ ಸರಳ. ಗೆದ್ದವನು ಒಂದು ಮೆಟ್ಟಿಲು ಮೇಲಕ್ಕೆ. ಕೊನೆಗುಳಿದವನು ಒಂದು ಮೆಟ್ಟಿಲು ಕೆಳಕ್ಕೆ. ಪ್ರಶಸ್ತಿಯ ಆಸೆಯೇ ಇಲ್ಲದ ತಂಡಕ್ಕೂ ವರ್ಷದ ಕೊನೆಯ ಪಂದ್ಯದವರೆಗೆ ಜೀವ ಹಿಡಿದು ಆಡುವ ಕಾರಣವನ್ನು ಈ ನಿಯಮ ಕೊಡುತ್ತದೆ. ಮೊದಲ ಸ್ಥಾನಕ್ಕಾಗಿ ನಡೆಯುವ ಹೋರಾಟ ವೈಭವದ್ದು. ಕೆಳಗಿಳಿಯದಿರಲು ನಡೆಯುವ ಹೋರಾಟ ಮಾನದ್ದು. ಎರಡನೆಯದನ್ನು ನೋಡಿ ಅಭ್ಯಾಸವಾದವನಿಗೆ ಮೊದಲನೆಯದು ಸ್ವಲ್ಪ ಸಪ್ಪೆಯೆನಿಸಿದರೆ ತಪ್ಪಲ್ಲ. ದೇಶದ ಮೇಲಿನ ಮಟ್ಟದಲ್ಲಾದರೋ ಈ ಮೆಟ್ಟಿಲು ಬಹುಕಾಲ ಇರಲೇ ಇಲ್ಲ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಅದು ಬಾಗಿಲು ಹಾಕಿಕೊಂಡ ಮನೆ. ಕೆಳಗಿನಿಂದ ಗೆದ್ದು ಒಳಬಂದ ಮೊದಲ ತಂಡ ಪಂಜಾಬಿನದು, ಅದೂ 2023ರಲ್ಲಿ.

ಹಳೆಯ ಕೀರ್ತಿ

ಗ್ಯಾಲರಿಯ ಮಾತು ಆಟ ಮಂದವಾದಾಗಲೆಲ್ಲ ಹಿಂದಕ್ಕೆ ಸರಿಯುತ್ತದೆ. ಹಿಂದಿನದು ಸಣ್ಣ ಕೀರ್ತಿಯೇನೂ ಅಲ್ಲ. ಬ್ರಿಟಿಷ್ ರೆಜಿಮೆಂಟುಗಳ ಸೊತ್ತೆಂಬಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದು ತಂದಿತು, ಮರುವರ್ಷವೂ ಬಿಟ್ಟುಕೊಡಲಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಬಹುಪಾಲು ಬರಿಗಾಲಿನಲ್ಲಿ ಆಡಿದ ಭಾರತ ಫ್ರಾನ್ಸಿಗೆ 2-1ರಿಂದ ಸೋತಿತಷ್ಟೆ. ಒಲಿಂಪಿಕ್ಸಿನಲ್ಲಿ ಭಾರತದ ಮೊಟ್ಟಮೊದಲ ಗೋಲೆನಿಸಿದ ಆ ಒಂದು ಗೋಲನ್ನು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ನಾಲ್ಕು ವರ್ಷಗಳ ತರುವಾಯ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ ಹತ್ತು ಗೋಲುಗಳ ಮಳೆಗರೆದಾಗಲೂ ಭಾರತಕ್ಕೆ ದಕ್ಕಿದ ಒಂದೇ ಗೋಲು ಬೆಂಗಳೂರಿನ ಅಹಮದ್ ಖಾನರದು. ಅವರೂ ಬೆಂಗಳೂರಿನವರೇ ಆದ ಧನರಾಜ್ ಅವರೂ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ‘ಪಂಚ ಪಾಂಡವ’ರಲ್ಲಿ ಇಬ್ಬರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೇರಿದಾಗ ಆ ತಂಡದಲ್ಲಿ ಕೆಂಪಯ್ಯನವರಿದ್ದರು. 1962ರ ಜಕಾರ್ತ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಬಂದಾಗ ಅರುಮೈನಾಯಗಂ.

ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿತು. ಅಲ್ಲಿಗೆ ನಿಂತಿತು. ಮುಂದೆ ರಾಜ್ಯದ ಹೆಸರು ಕರ್ನಾಟಕವಾಯಿತು, ರಾಜಧಾನಿಯ ಜನಸಂಖ್ಯೆ ಹಲವು ಪಟ್ಟು ಬೆಳೆಯಿತು. ಕಪ್ಪು ಮಾತ್ರ ಬರಲಿಲ್ಲ. ಕೊನೆಗೂ ಬಂದದ್ದು 54 ವರ್ಷಗಳ ಅನಂತರ, 2023ರ ಮಾರ್ಚ್ 4ರಂದು. ಅದೂ ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಅರ್ಧ ಶತಮಾನ ಕಾದವರಿಗೆ ಆ ಗೆಲುವನ್ನು ಕಣ್ಣಾರೆ ಕಾಣುವ ಭಾಗ್ಯವಿರಲಿಲ್ಲ. ದೂರದ ಮರುಭೂಮಿಯ ಆಟವನ್ನು ಮೊಮ್ಮಕ್ಕಳ ಫೋನಿನ ಪುಟ್ಟ ಪರದೆಯಲ್ಲಿ ಇಣುಕಿ ನೋಡಬೇಕಾಯಿತು.

ಈ ಆಟಗಾರರಲ್ಲಿ ಬಹುಮಂದಿ ಬೆಳೆದದ್ದು ದಂಡು ಪ್ರದೇಶದ ಬಡಾವಣೆಗಳಲ್ಲಿ: ಆಸ್ಟಿನ್ ಟೌನು, ಮರ್ಫಿ ಟೌನು, ಹಲಸೂರಿನ ಗೌತಮಪುರ. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಸಾಲಿನಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯೂ ನಿಂತಿದೆ. ಬಡಾವಣೆಗೆ ‘ಪುಟ್ಟ ಬ್ರೆಜಿಲ್’ ಎಂಬ ಅಡ್ಡಹೆಸರು. ಆಟ ಕಲಿತದ್ದು ಇಂತಹ ಗಲ್ಲಿಗಳಲ್ಲಾದರೆ, ಆ ಕಾಲುಗಳಿಗೆ ಅನ್ನ ಕೊಟ್ಟದ್ದು ಮಾತ್ರ ನಗರದ ಹೊರವಲಯದ ಕಾರ್ಖಾನೆಗಳು. ಅಭಿಮಾನಿಯ ನಿಜವಾದ ಕಥೆ ಆರಂಭವಾಗುವುದೂ ಆ ಗೇಟಿನ ಬಳಿಯೇ.

ಗೇಟಿನೊಳಗಿನ ತಂಡ

1940ರಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸ ಮತ್ತು ಮೈಸೂರು ಸರ್ಕಾರದ ನೆರವಿನಿಂದ ವಿಮಾನ ಕಾರ್ಖಾನೆ ತಲೆಯೆತ್ತಿತು. 1948ರಲ್ಲಿ ಕೃಷ್ಣರಾಜಪುರದ ಬಳಿ ಟೆಲಿಫೋನ್ ಕಾರ್ಖಾನೆ. ಅದರಿಂದಲೇ ಆ ಪ್ರದೇಶಕ್ಕೆ ದೂರವಾಣಿನಗರವೆಂಬ ಸೊಗಸಾದ ಹೆಸರು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ., ಮರುವರ್ಷ ಅದರ ನೆರೆಯಲ್ಲೇ ಭಾರತ್ ಎಲೆಕ್ಟ್ರಾನಿಕ್ಸ್, 1964ರಲ್ಲಿ ಬಿ.ಇ.ಎಂ.ಎಲ್. ಇವು ಕೇವಲ ಯಂತ್ರಶಾಲೆಗಳಾಗಿರಲಿಲ್ಲ. ಕಾಲೋನಿ, ಶಾಲೆ, ಆಸ್ಪತ್ರೆ, ಕ್ಯಾಂಟೀನು, ರಾಜ್ಯೋತ್ಸವ, ಕನ್ನಡ ಸಂಘ, ನಾಟಕ, ಎಲ್ಲವನ್ನೂ ಒಳಗೊಂಡ ಊರುಗಳೇ ಆಗಿದ್ದವು. ಊರೆಂದ ಮೇಲೆ ಮೈದಾನ ಬೇಡವೆ? ಮೈದಾನವಿದ್ದ ಮೇಲೆ ತಂಡ ಬೇಡವೆ?

ಆಟ ಬಲ್ಲ ಹುಡುಗನಿಗೆ ಕ್ರೀಡಾಪಟುಗಳ ಕೋಟಾದಲ್ಲಿ ಕೆಲಸ. ಆತ ಬೆಳಗಿನ ಅಭ್ಯಾಸ ಮುಗಿಸಿ ಬೆವರೊರಸಿಕೊಂಡು ತನ್ನ ಯಂತ್ರದ ಮುಂದೆಯೋ ಉಗ್ರಾಣದ ಮೇಜಿನ ಮುಂದೆಯೋ ಬಂದು ಕೂರುತ್ತಿದ್ದ. ಪಂದ್ಯದ ದಿನ ಊಟದ ಗಂಟೆಯ ಹೊತ್ತಿಗೆ ಬಿಡುವು. ಅವನ ಪಕ್ಕದ ಯಂತ್ರದವನು ಮೇಸ್ತ್ರಿಯ ಕಾಲಿಗೆ ಬಿದ್ದಾದರೂ ಪಾಳಿ ಬದಲಾಯಿಸಿಕೊಂಡು ಆಟ ನೋಡಲು ಹೋಗುತ್ತಿದ್ದ. ಮರುದಿನ ಕ್ಯಾಂಟೀನಿನಲ್ಲಿ, ಗೋಲು ತಪ್ಪಿಸಿಕೊಂಡ ಸೆಂಟರ್ ಫಾರ್ವರ್ಡ್ ಚಿತ್ರಾನ್ನದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುವಾಗ, ಹಿಂದಿನಿಂದ ಒಬ್ಬ, “ಏನಣ್ಣಾ, ನಿನ್ನೆ ಚೆಂಡು ನಿನಗೆ ಕಾಣಲಿಲ್ಲವೋ, ಗೋಲೇ ಕಾಣಲಿಲ್ಲವೋ?” ಎಂದು ಕೇಳಬಹುದಿತ್ತು. ಅವನಿಗೆ ಉತ್ತರ ಕೊಡದೆ ಗತಿಯಿರಲಿಲ್ಲ.

ಈ ಚಿತ್ರಾನ್ನದ ಸಾಲನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಅಭಿಮಾನಿಯನ್ನು ಅರ್ಥಮಾಡಿಕೊಳ್ಳಲಾಗದು. ಮೇಲಿನ ಲೀಗಿನ ಆಟಗಾರ ಪರದೆಯ ಮೇಲಿನ ನಕ್ಷತ್ರ. ಅವನ ತಪ್ಪನ್ನು ಕೋಟಿ ಜನ ನೋಡುತ್ತಾರೆ, ಒಬ್ಬನೂ ಅವನನ್ನು ನಿಲ್ಲಿಸಿ ಕೇಳಲಾರ. ಕೆಳಗಿನ ಡಿವಿಷನ್ನಿನ ಆಟಗಾರನ ತಪ್ಪನ್ನು ನೂರು ಜನ ನೋಡುತ್ತಾರೆ, ಆ ನೂರರಲ್ಲಿ ಹತ್ತು ಮಂದಿ ಅವನ ಮನೆಯ ದಾರಿ ಬಲ್ಲವರು. ಮದುವೆಗೆ ಕರೆದವರು, ಸಾಲ ಕೊಟ್ಟವರು, ತಂದೆ ತೀರಿಕೊಂಡಾಗ ಹೆಗಲು ಕೊಟ್ಟವರು. ಆ ಬೈಗುಳದಲ್ಲಿಯೂ ಒಂದು ನಂಟಸ್ತನವುಂಟು. “ಮಗನೇ, ಓಡೋ!” ಎಂಬ ಕೂಗಿನಲ್ಲಿ ‘ಮಗ’ ಎಂಬುದು ಬರಿಯ ವಾಡಿಕೆಯ ಮಾತಲ್ಲ. ಆ ಕೂಗು ತಮಿಳಿನಲ್ಲಿ ಆರಂಭವಾಗಿ, ದಖ್ಖನಿ ಉರ್ದುವಿನಲ್ಲಿ ಏರಿ, ಕನ್ನಡದಲ್ಲಿ ಮುಗಿಯುವುದೂ ಉಂಟು. ಬೆಂಗಳೂರಿನ ಭಾಷಾ ವಿಚಾರಗಳೆಲ್ಲ ಆ ತೊಂಬತ್ತು ನಿಮಿಷ ಮಾತ್ರ ಯಾರನ್ನೂ ಕಾಡುವುದಿಲ್ಲ.

ಕಾರ್ಖಾನೆಯ ತಂಡಗಳು ಊರಿನ ಲೀಗಿನಲ್ಲಷ್ಟೇ ಆಡಿಕೊಂಡಿದ್ದವೆಂದಲ್ಲ. 1996ರಲ್ಲಿ ಆರಂಭವಾದ ರಾಷ್ಟ್ರೀಯ ಫುಟ್ಬಾಲ್ ಲೀಗಿನಲ್ಲಿ ಐ.ಟಿ.ಐ. ಆಡಿತು, ಎಚ್.ಎ.ಎಲ್. ಆಡಿತು. ಆ ಲೀಗೇ 2007ರಲ್ಲಿ ಐ-ಲೀಗ್ ಎಂಬ ಹೊಸ ಹೆಸರು ತಾಳಿತು. 2010ರಲ್ಲಿ ಎಚ್.ಎ.ಎಲ್. ಎರಡನೆಯ ಡಿವಿಷನ್ನಿನಿಂದ ಮೇಲೇರಿ, ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಗೋವೆಯ ಡೆಂಪೊ ಇಂತಹ ಹೆಸರಾಂತ ತಂಡಗಳಿಗೆ ಇದೇ ಗ್ಯಾಲರಿಯ ಮುಂದೆ ಎದುರಾಯಿತು. ಲಕ್ಷಗಟ್ಟಲೆ ಸಂಬಳದ ವಿದೇಶೀಯರನ್ನು ಆಡಿಸುತ್ತಿದ್ದವರ ಎದುರು, ಹೆಚ್ಚಾಗಿ ತನ್ನ ನೌಕರರನ್ನೇ ನಂಬಿದ ತಂಡ. ಒಂದು ವರ್ಷ ಹೇಗೋ ಉಳಿದುಕೊಂಡಿತು. 2012ರಲ್ಲಿ ಕೆಳಗಿಳಿಯಿತು. ಆ ಎರಡು ವರ್ಷಗಳ ಸೋಲುಗಳನ್ನು ಅಭಿಮಾನಿ ಇಂದಿಗೂ ಗೆಲುವುಗಳಂತೆಯೇ ವರ್ಣಿಸುತ್ತಾನೆ. ಗೋಲುಗಳ ಲೆಕ್ಕದಲ್ಲಿ ಆತನದು ತಪ್ಪು. ಆದರೆ ಯಂತ್ರಶಾಲೆಯ ಹುಡುಗರು ದೇಶದ ಅಗ್ರ ಪಂಕ್ತಿಯಲ್ಲಿ ನಿಂತರೆಂಬ ಲೆಕ್ಕ ಅವನ ಬಳಿ ಬೇರೆಯೇ ಇದೆ, ಅದರಲ್ಲಿ ತಪ್ಪಿಲ್ಲ.

ಈ ವ್ಯವಸ್ಥೆಗೆ ಅದರದೇ ಆದ ಒಂದು ದೌರ್ಬಲ್ಯವಿತ್ತು. ತಂಡ ಊರಿನದಲ್ಲ, ಹಾಜರಿ ಪುಸ್ತಕದ್ದು. ಕಾರ್ಖಾನೆ ಹೊಸ ಆಳುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದ ದಿನ ತಂಡಕ್ಕೆ ವಯಸ್ಸಾಗತೊಡಗುತ್ತದೆ. ಇಪ್ಪತ್ತೆರಡರ ಹುಡುಗ ಬಾರದಿದ್ದರೆ ಮೂವತ್ತೆರಡರವನು ಆಡಬೇಕು, ಆಮೇಲೆ ಮೂವತ್ತೈದರವನು. ಉದಾರೀಕರಣ ಬಂತು, ಮೇಜಿನ ಮೇಲಿನ ಕಪ್ಪು ಟೆಲಿಫೋನಿನ ಕಾಲ ಕಳೆದು ಕಿಸೆಯ ಫೋನಿನ ಕಾಲ ಬಂತು, ದೂರವಾಣಿನಗರ ಕೃಶವಾಯಿತು. 2016ರಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಇಂತಹ ಸುದ್ದಿಗಳಲ್ಲಿ ನೌಕರರ ಸಂಖ್ಯೆ ಬರುತ್ತದೆ, ಜಮೀನಿನ ಬೆಲೆ ಬರುತ್ತದೆ, ನಷ್ಟದ ಮೊತ್ತ ಬರುತ್ತದೆ. ಫುಟ್ಬಾಲ್ ತಂಡದ ಮಾತು ಬರುವುದಿಲ್ಲ. ಕಾರ್ಖಾನೆ ಮುಚ್ಚಿದರೆ ಬಾಗಿಲಿಗೆ ಬೀಗ ಬೀಳುವುದನ್ನು ನೋಡಬಹುದು. ತಂಡ ಮುಚ್ಚುವುದು ಹಾಗಲ್ಲ. ಒಂದು ವರ್ಷ ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಅಷ್ಟೆ. ಸತ್ತದ್ದಕ್ಕೆ ಸೂತಕವೂ ಇಲ್ಲ.

ಸ್ಕಾಟ್ಲೆಂಡಿನ ಎರಡು ಕಥೆಗಳು

ಕೆಳಗಿನ ಡಿವಿಷನ್ನಿನ ಭಕ್ತಿಗೆ ಜಗತ್ತಿನಲ್ಲಿ ಹೆಸರಾದ ನಾಡು ಸ್ಕಾಟ್ಲೆಂಡ್. 2011ರ ಜನಗಣತಿಯಲ್ಲಿ ಆ ದೇಶದ ಜನಸಂಖ್ಯೆ ಸುಮಾರು 53 ಲಕ್ಷ. ಅದೇ ವರ್ಷ ಬೆಂಗಳೂರು ನಗರ ಜಿಲ್ಲೆಯೊಂದರದೇ 96 ಲಕ್ಷ. ಆ ಸಣ್ಣ ನಾಡಿನಲ್ಲಿ ನಾಲ್ಕು ವೃತ್ತಿಪರ ಡಿವಿಷನ್ನುಗಳು, 42 ತಂಡಗಳು. ಅಗ್ರ ಡಿವಿಷನ್ನಿನ 12 ತಂಡಗಳನ್ನು ಬಿಟ್ಟರೆ ಉಳಿದ 30ರ ಹೆಸರನ್ನು ಹೊರಗಿನವರು ಹೆಚ್ಚಾಗಿ ಕೇಳಿರಲಾರರು. ಆರ್ಬ್ರೋತ್ ಎಂಬ ಊರಿನ ಮೈದಾನ ಉತ್ತರ ಸಮುದ್ರಕ್ಕೆ ಅಂಟಿಕೊಂಡಿದೆ. ಗಾಳಿಯ ದಿನ ಅಲೆಯ ನೀರು ಪ್ರೇಕ್ಷಕರ ಮುಖಕ್ಕೇ ಸಿಡಿಯುತ್ತದೆ. 1885ರಲ್ಲಿ ಒಂದೇ ಪಂದ್ಯದಲ್ಲಿ 36 ಗೋಲು ಹೊಡೆದ ತಂಡ ಅದು. ಬ್ರೆಚಿನ್ ಎಂಬಲ್ಲಿ ಮೈದಾನದ ಒಂದು ಪಕ್ಕಕ್ಕೆ ಗೋಡೆಯ ಬದಲು ಹಸಿರು ಬೇಲಿ. ಇನ್ನು ಕೌಡನ್‌ಬೀತ್ ಎಂಬ ಕಲ್ಲಿದ್ದಲ ಗಣಿಯ ಊರಿನ ತಂಡಕ್ಕೆ ಅಭಿಮಾನಿಗಳು ಇಟ್ಟ ಹೆಸರು ‘ನೀಲಿ ಬ್ರೆಜಿಲ್’! ಗೌತಮಪುರದವರಿಗೂ ಕೌಡನ್‌ಬೀತಿನವರಿಗೂ ಪರಸ್ಪರ ಪರಿಚಯವಿಲ್ಲ. ಆದರೂ ಬಡವರ ಊರು ತನ್ನ ಕನಸಿಗೆ ಒಂದೇ ದೇಶದ ಹೆಸರನ್ನು ಆರಿಸಿಕೊಂಡಿದೆ. ಗಣಿಗಳು ಮುಚ್ಚಿಹೋದವು, 2022ರಲ್ಲಿ ತಂಡವೂ ನಾಲ್ಕನೆಯ ಡಿವಿಷನ್ನಿನಿಂದ ಕೆಳಗೆ ಜಾರಿತು. ಅಂಗಿಯ ಬಣ್ಣ ಮಾತ್ರ ಬದಲಾಗಲಿಲ್ಲ.

ಬೆಂಗಳೂರಿನವರಿಗೆ ಹೆಚ್ಚು ಹತ್ತಿರವಾದದ್ದು ಎಡಿನ್‌ಬರೋ ನಗರದ ಫೆರಾಂಟಿ ಕಂಪನಿಯ ಕಥೆ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಯುದ್ಧವಿಮಾನಗಳಿಗೆ ಗುರಿಯಿಡುವ ಉಪಕರಣ ತಯಾರಿಸಲು ಅಲ್ಲಿ ಕಾರ್ಖಾನೆ ಎದ್ದಿತು. ಮುಂದೆ ರಾಡಾರ್ ಮೊದಲಾದ ರಕ್ಷಣಾ ಎಲೆಕ್ಟ್ರಾನಿಕ್ಸಿಗೆ ಹೆಸರಾಯಿತು. ನಮ್ಮ ಜಾಲಹಳ್ಳಿಯ ಬಿ.ಇ.ಎಲ್.ನಂತೆಯೇ ಎನ್ನಬಹುದು. ಅದೇ ವರ್ಷ ಹುಟ್ಟಿದ ಅದರ ಕಾರ್ಮಿಕರ ತಂಡ ಫೆರಾಂಟಿ ಥಿಸಲ್. 1974ರಲ್ಲಿ ಆ ತಂಡಕ್ಕೆ ಸ್ಕಾಟಿಷ್ ಲೀಗಿನಲ್ಲಿ ಸ್ಥಾನ ಸಿಕ್ಕಿತು. ಕಂಪನಿಯ ಹೆಸರು ಹೊತ್ತ ತಂಡ ಲೀಗಿನಲ್ಲಿ ಆಡುವಂತಿಲ್ಲವೆಂದು ನಿಯಮ ಅಡ್ಡಬಂದಾಗ, ಆಡುವ ಮೈದಾನದ ಹೆಸರಿನಿಂದ ಮೆಡೋಬ್ಯಾಂಕ್ ಥಿಸಲ್ ಎಂದಾಯಿತು. 1995ರಲ್ಲಿ ಅದನ್ನು ಲಿವಿಂಗ್‌ಸ್ಟನ್ ಎಂಬ ಹೊಸ ನಗರಕ್ಕೆ ಸಾಗಿಸಲಾಯಿತು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಸಾಲಾಗಿ ಬಂದಿದ್ದ ಆ ಸೀಮೆಯನ್ನು ಅಲ್ಲಿಯ ಜನ ‘ಸಿಲಿಕಾನ್ ಕಣಿವೆ’ ಎನ್ನುತ್ತಿದ್ದರು. ಇತ್ತ ನಮ್ಮವರೂ ಅದೇ ಬಿರುದನ್ನು ಬೆಂಗಳೂರಿಗೆ ಕೊಟ್ಟಿದ್ದಾರೆ.

ಹಳೆಯ ಅಭಿಮಾನಿಗಳು ಸುಮ್ಮನಿರಲಿಲ್ಲ. ಪ್ರತಿಭಟಿಸಿದರು, ಕೆಲವರು ಹೊಸ ಊರಿಗೆ ಕಾಲಿಡಲೇ ಇಲ್ಲ. ಅವರ ಸಿಟ್ಟು ನ್ಯಾಯವಾದದ್ದೇ; ತಂಡವೇನು ಮೇಜು ಕುರ್ಚಿಯೆ, ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸಲು? ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ಫೆರಾಂಟಿ ಕಂಪನಿ 1993ರಲ್ಲಿ ದಿವಾಳಿಯಾಯಿತು. ಅದರ ಕಾರ್ಮಿಕರ ಸಂಜೆಯ ಆಟವಾಗಿ ಹುಟ್ಟಿದ ತಂಡವಾದರೋ 2004ರಲ್ಲಿ ಲಿವಿಂಗ್‌ಸ್ಟನ್ ಎಂಬ ಹೆಸರಿನಲ್ಲಿ ಸ್ಕಾಟಿಷ್ ಲೀಗ್ ಕಪ್ಪನ್ನೇ ಗೆದ್ದಿತು. ತಂದೆ ಸತ್ತ ಮೇಲೂ ಮಗು ಬದುಕಿತು, ಏಕೆಂದರೆ ಅದು ಎಂದೋ ತಂದೆಯ ಹೆಸರನ್ನು ಬಿಟ್ಟು ಊರಿನ ಹೆಸರನ್ನು ಹೊತ್ತಿತ್ತು. ಬೆಂಗಳೂರಿನ ಯಾವ ಕಾರ್ಖಾನೆಯ ತಂಡಕ್ಕೂ ಹೀಗೆ ‘ದೂರವಾಣಿನಗರ ಎಫ್.ಸಿ.’ ಎಂದೋ ‘ಜಾಲಹಳ್ಳಿ ಯುನೈಟೆಡ್’ ಎಂದೋ ಮರುಹುಟ್ಟು ಪಡೆಯುವ ದಾರಿ ತೆರೆಯಲಿಲ್ಲ. ಆಟಗಾರನ ಕೆಲಸ, ಮನೆ, ಪಿಂಚಣಿ ಎಲ್ಲವೂ ಆ ಒಂದು ಹೆಸರಿಗೆ ಕಟ್ಟಿಹಾಕಿದ್ದವು. ಕೆಲಸದ ಭದ್ರತೆಯೇ ಆಟಗಾರನನ್ನು ಸಾಕಿತು; ಅದೇ ತಂಡವನ್ನು ಸ್ವತಂತ್ರವಾಗಿ ಬೆಳೆಯಗೊಡಲಿಲ್ಲ.

ಇನ್ನೊಂದು ಕಥೆ ಗ್ಲಾಸ್ಗೋ ನಗರದ ಥರ್ಡ್ ಲ್ಯಾನಾರ್ಕ್ ತಂಡದ್ದು. ಸ್ವಯಂಸೇವಕ ಸೈನಿಕರ ಪಡೆಯೊಂದರಿಂದ 1872ರಲ್ಲಿ ಹುಟ್ಟಿ, 1904ರಲ್ಲಿ ದೇಶದ ಲೀಗನ್ನೇ ಗೆದ್ದ ತಂಡ 1967ರಲ್ಲಿ ಮುಳುಗಿಹೋಯಿತು. ಅದರ ಮೈದಾನ ಕ್ಯಾತ್‌ಕಿನ್ ಪಾರ್ಕ್ ಮಾತ್ರ ಹಾಗೆಯೇ ಉಳಿದು ಸಾರ್ವಜನಿಕ ಉದ್ಯಾನವಾಗಿದೆ. ಪ್ರೇಕ್ಷಕರು ನಿಲ್ಲುತ್ತಿದ್ದ ಮೆಟ್ಟಿಲುಗಳ ಸಂದಿಯಲ್ಲಿ ಮರಗಳು ಬೆಳೆದಿವೆ. ಹಳೆಯ ಅಭಿಮಾನಿಗೆ ಹೋಗಿ ಕೂರಲು ಒಂದು ಮೆಟ್ಟಿಲಾದರೂ ಅಲ್ಲಿ ಉಳಿದಿದೆ. ಎಕರೆಗೆ ಕೋಟಿಗಟ್ಟಲೆ ಬೆಲೆಯಿರುವ ಬೆಂಗಳೂರಿನ ಪೂರ್ವದಲ್ಲಿ ಹಾಳುಬಿದ್ದ ಮೈದಾನ ಉದ್ಯಾನವಾದೀತೆಂದು ನಂಬುವುದು ಕಷ್ಟ.

ಗಂಟೆಗಿಷ್ಟು ಬಾಡಿಗೆ

ಹಾಗಾದರೆ ಹೊಸ ಕೈಗಾರಿಕಾ ವಲಯಗಳಲ್ಲಿ ಆಟವಿಲ್ಲವೆ? ಆಟಕ್ಕೇನೂ ಬರವಿಲ್ಲ. ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತ, ರಾತ್ರಿಯ ಹೊತ್ತು ಎತ್ತರದ ಬಲೆಗಳ ನಡುವೆ ದೀಪ ಉರಿಯುವ ಹಸಿರು ಹಾಸುಗಳು ಕಾಣುತ್ತವೆ. ಕಂಪ್ಯೂಟರಿನ ಮುಂದೆ ದಿನವಿಡೀ ಬೆನ್ನು ಬಗ್ಗಿಸಿದ ತರುಣ ತರುಣಿಯರು ಗಂಟೆಗಿಷ್ಟು ಎಂದು ಬಾಡಿಗೆ ಕಟ್ಟಿ, ಕಡೆಗೆ ಐದೈದು ಮಂದಿಯಂತೆ ಆಡುತ್ತಾರೆ. ಕಂಪನಿ ಕಂಪನಿಗಳ ನಡುವೆ ಪಂದ್ಯಾವಳಿಗಳೂ ನಡೆಯುತ್ತವೆ. ಮೈಗೆ ಒಳ್ಳೆಯದು, ಮನಸ್ಸಿಗೂ ಒಳ್ಳೆಯದು. ಆದರೆ ಆ ಬಲೆಯ ಹೊರಗೆ ನಿಂತು ನೋಡುವವನಿಗೆ ಜಾಗವಿಲ್ಲ; ನೋಡುವ ಕಾರಣವೂ ಇಲ್ಲ. ಗಂಟೆ ಮುಗಿದೊಡನೆ ಎರಡೂ ತಂಡಗಳು ಚದುರಿಹೋಗುತ್ತವೆ. ಮುಂದಿನ ವಾರ ಒಬ್ಬ ಕಂಪನಿ ಬದಲಾಯಿಸಿರುತ್ತಾನೆ, ಇನ್ನೊಬ್ಬ ಊರನ್ನೇ.

ಪೀಣ್ಯದ ಸಂಗತಿ ಬೇರೆ. ಅಲ್ಲಿ ಒಂದು ದೊಡ್ಡ ಕಾರ್ಖಾನೆಯಿಲ್ಲ. ಸಾವಿರಾರು ಸಣ್ಣ ಶೆಡ್ಡುಗಳು. ಲೇತ್ ಯಂತ್ರದ ಮುಂದೆ ನಿಂತವನು ಬಾಗಲಕೋಟೆಯವನೋ ರಾಯಚೂರಿನವನೋ ಒಡಿಶಾದವನೋ ಬಿಹಾರದವನೋ ಆಗಿರಬಹುದು. ಹತ್ತು ಆಳಿನ ಶೆಡ್ಡು ಹನ್ನೊಂದು ಮಂದಿಯ ತಂಡವನ್ನು ಎಲ್ಲಿಂದ ತಂದೀತು? ಭಾನುವಾರ ಯಾವುದಾದರೂ ಖಾಲಿ ಸೈಟಿನಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ಟೇ ಅವರ ಪಾಲಿನ ಕ್ರೀಡೆ.

ಕಂಪನಿಗಳು ಫುಟ್ಬಾಲನ್ನು ಕೈಬಿಟ್ಟಿವೆಯೆಂದೂ ಹೇಳುವಂತಿಲ್ಲ. ಬೆಂಗಳೂರು ಎಫ್.ಸಿ.ಯ ಹಿಂದಿರುವುದು ಉಕ್ಕಿನ ಉದ್ಯಮದ ಜೆ.ಎಸ್.ಡಬ್ಲ್ಯು. ಸಂಸ್ಥೆಯೇ. ವ್ಯತ್ಯಾಸವಿಷ್ಟೆ: ಅಂದು ಕಾರ್ಖಾನೆಯ ಕೆಲಸಗಾರ ಆಡುತ್ತಿದ್ದ, ಕೆಲಸಗಾರ ನೋಡುತ್ತಿದ್ದ, ಇಂದು ಕಂಪನಿ ಆಡಿಸುತ್ತದೆ, ಗಿರಾಕಿ ನೋಡುತ್ತಾನೆ. ಆಟದ ಮಟ್ಟ ಏರಿದೆ, ಸಂಶಯವಿಲ್ಲ. ಕೋಟಾದ ಕೆಲಸ ಸಿಕ್ಕಿತೆಂದು ಇಪ್ಪತ್ತೈದಕ್ಕೇ ಹೊಟ್ಟೆ ಬೆಳೆಸಿಕೊಂಡ ಹಳೆಯ ಆಟಗಾರರನ್ನೂ ಅಭಿಮಾನಿ ಮರೆತಿಲ್ಲ. ಆ ಕಾಲವನ್ನು ಸುವರ್ಣಯುಗವೆಂದು ಕೂಗುವವನಲ್ಲ ಆತ. ಆದರೆ ಆ ಆಟಗಾರನಿಗೆ ಮೂವತ್ತೈದರ ಮೇಲೆ ಒಂದು ಕುರ್ಚಿಯೂ ತಿಂಗಳ ಸಂಬಳವೂ ಇರುತ್ತಿದ್ದವು. ಇಂದು ಹೊಸ ಕ್ಲಬ್ಬುಗಳಲ್ಲಿ ಒಂದು ವರ್ಷದ ಕರಾರಿನ ಮೇಲೆ ಓಡುತ್ತಿರುವ ಹುಡುಗನ ಮಂಡಿ ಒಮ್ಮೆ ತಿರುಚಿದರೆ ಅವನ ಗತಿಯೇನು? ಗ್ಯಾಲರಿಯಲ್ಲಿ ಈ ಪ್ರಶ್ನೆಯನ್ನು ಕೇಳುವವರು, ಸ್ಟ್ರೆಚರು ಒಳಗೆ ಓಡುವಾಗ ತಟ್ಟನೆ ಎದ್ದುನಿಲ್ಲುವ ಆ ಹಳಬರೇ.

ಮೆಟ್ಟಿಲೇನೋ ಪೂರ್ತಿ ಮುರಿದಿಲ್ಲ. 2023-24ರಲ್ಲಿ ಎಸ್.ಸಿ. ಬೆಂಗಳೂರು ಎಂಬ ತಂಡ ದೇಶದ ಮೂರನೆಯ ಹಂತವಾದ ಐ-ಲೀಗ್ 2ನ್ನು ಗೆದ್ದು ಒಂದು ಹಂತ ಮೇಲಕ್ಕೇರಿತು. ಜಿಲ್ಲಾ ಲೀಗಿನಲ್ಲಿ ಈಚೆಗೆ ಮಿಜೋರಂ, ಮಣಿಪುರಗಳ ಹುಡುಗರು ಬಹಳ. ಅವರ ಊರಿನವರು, ನಗರದ ಹೋಟೆಲುಗಳಲ್ಲಿಯೂ ಕಾವಲು ಕೆಲಸದಲ್ಲಿಯೂ ಇರುವವರು, ರಜೆ ಸಿಕ್ಕ ದಿನ ಬಂದು ಮೆಟ್ಟಿಲ ಮೇಲೆ ಕೂರುವುದುಂಟು. ಅಭಿಮಾನಿ ಅವರ ಕಡೆ ಮೊದಮೊದಲು ಸ್ವಲ್ಪ ಬಿಗುಮಾನದಿಂದ ನೋಡಿದ್ದ. ಈಗ ಕಡಲೆಕಾಯಿಯ ಪೊಟ್ಟಣವನ್ನು ಅತ್ತ ಚಾಚುತ್ತಾನೆ. ತನ್ನ ತಂಡ ಪಟ್ಟಿಯಲ್ಲಿ ಇಲ್ಲದ ವರ್ಷ, ಯಾರದಾದರೂ ತಂಡವನ್ನು ಎರವಲು ಪಡೆಯಬೇಕಲ್ಲ.

ಮೊದಲ ಪಂದ್ಯ ಮುಗಿಯಿತು. ಸೋತವರು ಕಾಲುಚೀಲ ಕೆಳಗಿಳಿಸಿಕೊಂಡು ಗ್ಯಾಲರಿಯ ಪಕ್ಕದಲ್ಲೇ ಹಾದುಹೋಗುತ್ತಾರೆ. ಅವರಲ್ಲೊಬ್ಬ, ಇಪ್ಪತ್ತು ದಾಟದ ಹುಡುಗ, ಪೆನಾಲ್ಟಿ ಹಾಳು ಮಾಡಿದವನು, ತಲೆಯೆತ್ತದೆ ನಡೆಯುತ್ತಿದ್ದಾನೆ. ಮೂರನೆಯ ಮೆಟ್ಟಿಲಿನಿಂದ ಒಂದು ಧ್ವನಿ ಕೇಳುತ್ತದೆ: “ತಂಬೀ, ಬಲಗಾಲನ್ನು ಚೆಂಡಿನ ಪಕ್ಕಕ್ಕೆ ಇನ್ನಷ್ಟು ಹತ್ತಿರ ಇಡಬೇಕು. ಅಷ್ಟೇ ತಪ್ಪಾದದ್ದು.” ಹುಡುಗ ತಿರುಗಿ ನೋಡಿ ತಲೆಯಾಡಿಸುತ್ತಾನೆ. ಎರಡನೆಯ ಪಂದ್ಯದ ತಂಡಗಳು ಇಳಿಯುತ್ತಿವೆ. ಬಿಸಿಲು ಒಂದು ಮೆಟ್ಟಿಲು ಮೇಲಕ್ಕೇರಿದೆ; ಅಭಿಮಾನಿ ಪತ್ರಿಕೆಯನ್ನೂ ಕೊಡೆಯನ್ನೂ ಎತ್ತಿಕೊಂಡು ನೆರಳಿರುವ ಕಡೆಗೆ ಸರಿದು ಕೂರುತ್ತಾನೆ.